ಸೈಕಲ್ ಸವಾರನ ಸಂಚಿಯ ಉಪಕರಣ: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆದವರು ಅವುಗಳನ್ನು ಕಂಡುಹಿಡಿದವರ ವಿಷಯವಾಗಿ ವಿಸ್ತಾರವಾಗಿ ಬರೆದಿದ್ದಾರೆ. ಅವುಗಳನ್ನು ತಯಾರಿಸಿದ ಕಾರ್ಖಾನೆಗಳ ವಿಷಯವನ್ನೂ ಬಿಟ್ಟಿಲ್ಲ. ಆದರೆ ಯಂತ್ರವು ನಡುದಾರಿಯಲ್ಲಿ ಕೆಟ್ಟು ನಿಂತಾಗ ಅದನ್ನು ಸರಿಪಡಿಸಿದವರು ಯಾರು, ಯಾವ ಸಾಧನದಿಂದ ಸರಿಪಡಿಸಿದರು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಬೈಸಿಕಲ್ಲಿನ ವಿಷಯದಲ್ಲಂತೂ ಈ ಪ್ರಶ್ನೆ ಮುಖ್ಯವಾದುದು. ರೈಲು ಕೆಟ್ಟರೆ ಅದರ ಹೊಣೆಯನ್ನು ಹೊರಲು ಒಂದು ಸಂಸ್ಥೆಯೇ ಇದೆ. ಸೈಕಲ್ ಕೆಟ್ಟರೆ ಅದರ ಹೊಣೆ ಸವಾರನೊಬ್ಬನದೇ. ಆದುದರಿಂದ ಅವನು ತನ್ನ ಆಸನದ ಹಿಂದಿನ ಚಿಕ್ಕ ಸಂಚಿಯಲ್ಲಿ ಏನನ್ನು ಒಯ್ಯುತ್ತಿದ್ದನೆಂಬುದು, ಅವನ ಕಾಲದ ರಸ್ತೆ, ಕಾರ್ಖಾನೆ ಮತ್ತು ಕಸಬುದಾರರ ಸ್ಥಿತಿಯನ್ನು ತಿಳಿಯಲು ಒಂದು ಒಳ್ಳೆಯ ಆಧಾರವಾಗುತ್ತದೆ.

ಇಂದು ಮಾರುಕಟ್ಟೆಯಲ್ಲಿ ಹತ್ತಿಪ್ಪತ್ತು ಸಾಧನಗಳನ್ನು ಚಾಕುವಿನಂತೆ ಒಂದರೊಳಗೊಂದು ಮಡಿಸಿಟ್ಟ ಕೈಯಗಲದ ಉಪಕರಣಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಮೇಲ್ನೋಟಕ್ಕೆ ಅಂಗಡಿಯಲ್ಲಿ ತೀರ್ಮಾನವಾಗುವ ಸಾಮಾನ್ಯ ವಿಷಯ. ಆದರೆ ಈ ಆಯ್ಕೆಗೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ಆ ಹಿನ್ನೆಲೆಯನ್ನು ಪರಿಶೀಲಿಸಿ, ಅದರಿಂದ ಆಯ್ಕೆಗೆ ಸಹಾಯಕವಾದ ಕೆಲವು ತತ್ತ್ವಗಳು ದೊರೆಯುತ್ತವೆಯೇ ಎಂದು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಬಡಗಿ ಮತ್ತು ಕಮ್ಮಾರರ ಆಶ್ರಯ

೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿ ಬಹುಮಟ್ಟಿಗೆ ಮರದ್ದು. ಅದಕ್ಕೆ ಪೆಡಲಾಗಲಿ ಸರಪಳಿಯಾಗಲಿ ಇರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಾಗಿತ್ತು. ಇಂಥ ಗಾಡಿಯ ಚಕ್ರ ಸಡಿಲವಾದರೆ ಕುದುರೆಗಾಡಿಯನ್ನು ದುರಸ್ತಿ ಮಾಡುವ ಬಡಗಿಯೇ ಇದನ್ನೂ ಸರಿಪಡಿಸಬಲ್ಲವನಾಗಿದ್ದನು. ೧೮೬೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಿಷೋ ಮನೆತನದವರು ಮುಂದಿನ ಚಕ್ರಕ್ಕೆ ಪೆಡಲುಗಳನ್ನು ಕೂಡಿಸಿದ ಗಾಡಿಗಳನ್ನು ಮಾರತೊಡಗಿದ ಮೇಲೆ ಕಬ್ಬಿಣದ ಭಾಗ ಹೆಚ್ಚಿತು. ದುರಸ್ತಿಯು ಬಡಗಿಯ ಕೈಯಿಂದ ಕಮ್ಮಾರನ ಕೈಗೆ ಬಂದಿತು. ಆ ಕಾಲದಲ್ಲಿ ಯೂರೋಪಿನ ಊರೂರಿಗೂ ಕಮ್ಮಾರಸಾಲೆ ಇದ್ದುದರಿಂದ ಸವಾರನು ಭಾರವಾದ ಸಾಧನಗಳನ್ನು ಹೊರಬೇಕಾದ ಅವಶ್ಯಕತೆ ಕಂಡುಬರಲಿಲ್ಲ.

೧೮೭೦ರ ದಶಕದಲ್ಲಿ ಎತ್ತರದ ಮುಂಚಕ್ರದ ಸೈಕಲ್ಲು ಪ್ರಚಾರಕ್ಕೆ ಬಂದಿತು. ಅದರ ಟೈರು ಗಟ್ಟಿ ರಬ್ಬರಿನದು. ಅದಕ್ಕೆ ಗಾಳಿಯೂ ಇಲ್ಲ, ತೂತೂ ಇಲ್ಲ. ಬೇಕಾದುದು ನಟ್ಟುಗಳನ್ನು ಬಿಗಿಮಾಡಲು ಒಂದು ಪಾನಾ, ಗುಂಡುಗಳಿಗೆ ಹಾಕಲು ಸ್ವಲ್ಪ ಎಣ್ಣೆ. ಇಂಥ ಸೈಕಲ್ಲಿನ ಮೇಲೆಯೇ ಥಾಮಸ್ ಸ್ಟೀವನ್ಸ್ ಎಂಬಾತನು ೧೮೮೪ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ೧೮೮೬ರಲ್ಲಿ ಜಪಾನನ್ನು ತಲಪಿ, ಭೂಪ್ರದಕ್ಷಿಣೆಯನ್ನು ಮುಗಿಸಿದನು. ದಾರಿಯಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ದೇಶದ ಹೆದ್ದಾರಿಯಲ್ಲಿಯೂ ಅವನು ಸವಾರಿಮಾಡಿದನು. ಹೊರಡುವಾಗ ಅವನ ಸಾಮಾನೆಂದರೆ ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಹಾಸಿಗೆಯೂ ಡೇರೆಯೂ ಆಗಬಲ್ಲ ಒಂದು ಮಳೆಯಂಗಿ, ಒಂದು ಪಿಸ್ತೂಲು. ಯಂತ್ರವು ಸರಳವಾಗಿದ್ದಷ್ಟೂ ಸಂಚಿ ಹಗುರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

೨. ಗಾಳಿಯ ಟೈರು ತಂದ ಮಾರ್ಪಾಟು

೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ತಯಾರಿಸಿದ ರೋವರ್ ಸೈಕಲ್ಲು, ಹಿಂದಿನ ಚಕ್ರಕ್ಕೆ ಸರಪಳಿಯ ಮೂಲಕ ಚಲನೆಯನ್ನು ಕೊಟ್ಟಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಜಾನುವಾರು ವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಸನ್ನದನ್ನು ಪಡೆದನು. ಇವೆರಡರ ಸಂಯೋಗದಿಂದ ಇಂದಿನ ಸೈಕಲ್ಲು ಹುಟ್ಟಿತು. ಅದರೊಡನೆ ಇಂದಿನ ಸವಾರನ ತೊಂದರೆಗಳೂ ಹುಟ್ಟಿದುವು. ಮೊದಮೊದಲಿನ ಗಾಳಿಯ ಟೈರನ್ನು ಚಕ್ರದ ಬಳೆಗೆ ಅಂಟಿನಿಂದ ಅಂಟಿಸಿರುತ್ತಿದ್ದರು. ೧೮೮೯ರಲ್ಲಿ ಫ್ರಾನ್ಸಿನ ಕ್ಲೆರ್ಮೋಂ ಫೆರಾಂ ಊರಿನ ಮಿಷಲಿನ್ ಸೋದರರ ರಬ್ಬರು ಕಾರ್ಖಾನೆಗೆ ಇಂಥ ಟೈರು ಕೆಟ್ಟ ಸವಾರನೊಬ್ಬನು ಬಂದನೆಂದೂ, ಅದನ್ನು ಬಿಡಿಸಿ ತೇಪೆ ಹಾಕಲು ಗಂಟೆಗಟ್ಟಲೆ ಹಿಡಿದು, ಅಂಟು ಒಣಗಲು ರಾತ್ರಿಯೆಲ್ಲ ಕಾಯಬೇಕಾಯಿತೆಂದೂ ಆ ಸಂಸ್ಥೆಯ ಚರಿತ್ರೆಯಲ್ಲಿ ಹೇಳುತ್ತಾರೆ. ಈ ಅನುಭವದ ಫಲವಾಗಿ ಅವರು ಬಿಚ್ಚಿ ಕೂಡಿಸಬಹುದಾದ ಟೈರನ್ನು ನಿರ್ಮಿಸಿ, ೧೮೯೧ರಲ್ಲಿ ಸನ್ನದು ಪಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯಲ್ಲಿ ಚಾರ್ಲ್ಸ್ ಟೆರೋಂ ಎಂಬ ಸವಾರನು ಈ ಟೈರುಗಳ ಮೇಲೆ ಸುಮಾರು ೧,೨೦೦ ಕಿಲೋಮೀಟರುಗಳನ್ನು ಸುಮಾರು ೭೨ ಗಂಟೆಗಳಲ್ಲಿ ಕ್ರಮಿಸಿ ಗೆದ್ದನು.

ಈ ವಿಜಯದ ನಿಜವಾದ ಅರ್ಥವನ್ನು ಗಮನಿಸಬೇಕು. ತೂತು ಬೀಳದ ಟೈರನ್ನು ಯಾರೂ ನಿರ್ಮಿಸಿರಲಿಲ್ಲ. ತೂತು ಬಿದ್ದರೆ ರಸ್ತೆಯ ಅಂಚಿನಲ್ಲಿಯೇ ಸವಾರನು ತಾನೇ ಬಿಚ್ಚಿ ಸರಿಪಡಿಸಬಹುದಾದ ಟೈರನ್ನು ನಿರ್ಮಿಸಿದ್ದರು. ಅಲ್ಲಿಂದ ಮುಂದೆ ಸವಾರನ ಸಂಚಿಗೆ ಒಂದು ಸ್ಥಿರವಾದ ರೂಪ ಬಂದಿತು: ಟೈರನ್ನು ಎತ್ತುವ ಚಪ್ಪಟೆ ಪಟ್ಟಿಗಳು, ತೇಪೆ, ರಬ್ಬರಿನ ಅಂಟು, ಉಜ್ಜುವ ಕಾಗದ, ಗಾಳಿ ಪಂಪು. ಇವು ಯಾವುವೂ ಪಾನಾದ ಜಾತಿಗೆ ಸೇರಿದವಲ್ಲ. ಆದರೂ ದಾರಿಯಲ್ಲಿ ಸವಾರನನ್ನು ನಿಲ್ಲಿಸುವ ಕಾರಣಗಳಲ್ಲಿ ಟೈರಿನ ತೂತೇ ಅಂದಿನಿಂದ ಇಂದಿನವರೆಗೂ ಮೊದಲನೆಯದಾಗಿ ಉಳಿದಿದೆ. ಎಷ್ಟೇ ಸಾಧನಗಳುಳ್ಳ ಮಡಿಸುವ ಉಪಕರಣವನ್ನು ಕೊಂಡರೂ ಈ ಐದು ವಸ್ತುಗಳಿಲ್ಲದೆ ಅದು ನಿಷ್ಪ್ರಯೋಜಕವೆಂಬುದನ್ನು ಕೊಳ್ಳುವವರು ಇಂದಿಗೂ ಮರೆಯುವುದುಂಟು.

೩. ನಟ್ಟಿನ ಅಳತೆಯ ಸಮಸ್ಯೆ

ಟೈರಿನ ನಂತರದ ಸಮಸ್ಯೆ ನಟ್ಟಿನದು. ಒಂದು ಪಾನಾ ಎಲ್ಲ ನಟ್ಟುಗಳಿಗೂ ಹೊಂದಬೇಕಾದರೆ ಎರಡು ದಾರಿಗಳಿವೆ. ಪಾನಾದ ಬಾಯಿಯನ್ನು ಹಿರಿದು ಕಿರಿದು ಮಾಡುವುದು ಒಂದು. ನಟ್ಟುಗಳ ಅಳತೆಯನ್ನೇ ಗೊತ್ತುಪಡಿಸುವುದು ಇನ್ನೊಂದು. ಮೊದಲನೆಯ ದಾರಿಯನ್ನು ಅಮೆರಿಕದ ಲೋರಿಂಗ್ ಕೋಸ್ ೧೮೪೧ರಲ್ಲಿಯೇ ಹಿಡಿದಿದ್ದನು. ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ ೧೮೯೦ರ ದಶಕದ ಆರಂಭದಲ್ಲಿ ಅದನ್ನು ಇಂದಿನ ರೂಪಕ್ಕೆ ತಂದನು. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ೧೮೭೮ರಿಂದ ಆಲ್ಬರ್ಟ್ ಪೋಪನ ಕೊಲಂಬಿಯಾ ಸೈಕಲ್ಲುಗಳು ಒಂದು ಹೊಲಿಗೆಯಂತ್ರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುವು. ಅದೇ ನಗರದ ಬಿಲಿಂಗ್ಸ್ ಮತ್ತು ಸ್ಪೆನ್ಸರ್ ಸಂಸ್ಥೆ ಸೈಕಲ್ಲಿಗಾಗಿಯೇ ಅಂಗೈಯಲ್ಲಿ ಹಿಡಿಯುವ, ಬಾಯಿ ಹೊಂದಿಸಬಹುದಾದ ಪಾನಾಗಳನ್ನು ಎರಕವಿಲ್ಲದೆ ಅಚ್ಚಿನಲ್ಲಿ ಬಡಿದು ತಯಾರಿಸಿತು. ಬಂದೂಕು, ಹೊಲಿಗೆಯಂತ್ರ, ಸೈಕಲ್ಲು, ಪಾನಾ ಈ ನಾಲ್ಕೂ ಒಂದೇ ಊರಿನಲ್ಲಿ ಬೆಳೆದುದು ಆಕಸ್ಮಿಕವಲ್ಲ. ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಬದಲಾಗಿ ಕೂಡಿಸಬಹುದಾದಷ್ಟು ನಿಖರವಾಗಿ ಲೋಹವನ್ನು ಕಡೆಯುವ ವಿದ್ಯೆ ಅಲ್ಲಿ ನೆಲೆಸಿತ್ತು.

ಎರಡನೆಯ ದಾರಿಯನ್ನು ಇಂಗ್ಲೆಂಡು ಅನುಸರಿಸಿತು. ೧೮೪೧ರಲ್ಲಿ ಜೋಸೆಫ್ ವ್ಹಿಟ್‌ವರ್ತ್ ತಿರುಪುಗಳ ಸುತ್ತಿಗೆ ಒಂದು ಪ್ರಮಾಣವನ್ನು ಸೂಚಿಸಿದ್ದನು. ಅದು ಸೈಕಲ್ಲಿನ ತೆಳು ಕೊಳವೆಗಳಿಗೆ ಒರಟಾದುದರಿಂದ, ಸೈಕಲ್ ಎಂಜಿನಿಯರುಗಳ ಸಂಸ್ಥೆ ೧೯೦೨ರಲ್ಲಿ ನುಣುಪಾದ ಬೇರೊಂದು ಪ್ರಮಾಣವನ್ನು ಗೊತ್ತುಮಾಡಿತು. ಅಳತೆಗಳು ಸ್ಥಿರವಾದುದರಿಂದ ಎರಡು ತುದಿಗಳಲ್ಲಿಯೂ ದುಂಡುತಲೆಯುಳ್ಳ, ತಲೆಯ ಸುತ್ತ ಬೇರೆಬೇರೆ ಅಳತೆಯ ಆರು ಮೂಲೆಯ ರಂಧ್ರಗಳುಳ್ಳ ಪಾನಾ ಸಾಧ್ಯವಾಯಿತು. ನಮ್ಮ ಸೈಕಲ್ ಅಂಗಡಿಗಳಲ್ಲಿ ಡಂಬೆಲ್ ಪಾನಾ ಎಂದು ಕರೆಯುವುದು ಇದನ್ನೇ. ಇದರಲ್ಲಿ ಚಲಿಸುವ ಭಾಗವಿಲ್ಲ, ಬೆಲೆ ಕಡಿಮೆ. ಆದರೆ ತಲೆ ದಪ್ಪವಾದುದರಿಂದ ಇಕ್ಕಟ್ಟಿನ ನಟ್ಟಿಗೆ ಎಟಕುವುದಿಲ್ಲ. ಹಿಡಿ ಗಿಡ್ಡವಾದುದರಿಂದ ತುಕ್ಕು ಹಿಡಿದ ನಟ್ಟು ಕದಲುವುದಿಲ್ಲ. ರಂಧ್ರ ಸ್ವಲ್ಪ ಸಡಿಲವಾಗಿದ್ದರೆ ನಟ್ಟಿನ ಮೂಲೆಗಳೇ ಸವೆದುಹೋಗುತ್ತವೆ. ಒಂದೇ ವಸ್ತುವಿನಿಂದ ಅನೇಕ ಕೆಲಸಗಳನ್ನು ಮಾಡಿಸಹೊರಟಾಗ ಪ್ರತಿಯೊಂದು ಕೆಲಸವೂ ಸ್ವಲ್ಪ ಸ್ವಲ್ಪ ಕೆಡುತ್ತದೆ. ಇಂದಿನ ಉಪಕರಣಗಳಿಗೂ ಈ ನಿಯಮದಿಂದ ಬಿಡುಗಡೆಯಿಲ್ಲ.

೪. ಸ್ವಾವಲಂಬನೆಯ ಪರೀಕ್ಷೆ

ಸವಾರನ ಸ್ವಾವಲಂಬನೆ ಎಲ್ಲಿಯವರೆಗೆ ನಡೆದೀತು ಎಂಬುದಕ್ಕೆ ೧೯೧೩ರ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಒಂದು ಘಟನೆ ಪ್ರಸಿದ್ಧವಾಗಿದೆ. ಸ್ಪರ್ಧಾಳುವು ತನ್ನ ಸೈಕಲ್ಲನ್ನು ಯಾರ ಸಹಾಯವೂ ಇಲ್ಲದೆ ತಾನೇ ದುರಸ್ತಿ ಮಾಡಿಕೊಳ್ಳಬೇಕೆಂಬುದು ಆಗಿನ ಕಟ್ಟುನಿಟ್ಟಾದ ನಿಯಮ. ಪಿರನೀಸ್ ಪರ್ವತದ ತೂರ್ಮಲೆ ಕಣಿವೆದಾರಿಯನ್ನು ಇಳಿಯುತ್ತಿದ್ದಾಗ ಯೂಜೀನ್ ಕ್ರಿಸ್ತೋಫನ ಸೈಕಲ್ಲಿನ ಮುಂದಿನ ಕವಲು ಮುರಿಯಿತು. ಅವನು ಸೈಕಲ್ಲನ್ನು ಹೊತ್ತು, ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಸೇಂತ್ ಮರೀ ದ ಕಾಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆಯನ್ನು ತಲಪಿದನು. ಬೀಗ ಮಾಡುವ ಕಸಬನ್ನು ಕಲಿತಿದ್ದ ಅವನು, ಸ್ಪರ್ಧೆಯ ಅಧಿಕಾರಿಗಳು ನೋಡುತ್ತಿದ್ದಂತೆ, ತನ್ನ ಕೈಯಾರೆ ಕವಲನ್ನು ಬೆಸೆದನು. ಒಬ್ಬ ಹುಡುಗನು ತಿದಿಯನ್ನು ಒತ್ತಿದನೆಂಬ ಕಾರಣಕ್ಕೆ ಅವನಿಗೆ ಹತ್ತು ನಿಮಿಷಗಳ ದಂಡ ಬಿದ್ದಿತು. ಮುಂದೆ ಅದು ಮೂರು ನಿಮಿಷಗಳಿಗೆ ಇಳಿಯಿತು. ಗಂಟೆಗಟ್ಟಲೆ ಕಾಲವನ್ನು ಕಳೆದುಕೊಂಡರೂ ಸ್ಪರ್ಧೆಯ ಕೊನೆಯಲ್ಲಿ ಅವನು ಏಳನೆಯವನಾಗಿ ನಿಂತನು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುವುದು ವಾಡಿಕೆ. ಉಪಕರಣದ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇನ್ನೂ ಎರಡು ಸಂಗತಿಗಳು ಎದ್ದುಕಾಣುತ್ತವೆ. ಚೌಕಟ್ಟೇ ಮುರಿದಾಗ ಸಂಚಿಯೊಳಗಿನ ಯಾವ ಸಾಧನವೂ ಸಾಲದು, ಹಳ್ಳಿಯ ಕುಲುಮೆಯೇ ಬೇಕು ಎಂಬುದು ಒಂದು. ಕ್ರಿಸ್ತೋಫನನ್ನು ಕಾಪಾಡಿದುದು ಅವನು ಹೊತ್ತಿದ್ದ ಉಪಕರಣವಲ್ಲ, ಅವನು ಕಲಿತಿದ್ದ ಕಸಬು ಎಂಬುದು ಇನ್ನೊಂದು. ಇದೇ ಸಂಗತಿಯನ್ನು ಅಮೆರಿಕದ ೨೫ನೆಯ ಕಾಲಾಳು ದಳದ ಯಾತ್ರೆಯಲ್ಲಿಯೂ ಕಾಣಬಹುದು. ೧೮೯೭ರಲ್ಲಿ ಲೆಫ್ಟಿನೆಂಟ್ ಜೇಮ್ಸ್ ಮಾಸ್‌ನ ನೇತೃತ್ವದಲ್ಲಿ ೨೦ ಮಂದಿ ಕರಿಯ ಸೈನಿಕರು ಮಾಂಟಾನಾ ಪ್ರಾಂತದಿಂದ ಸೇಂಟ್ ಲೂಯಿ ನಗರಕ್ಕೆ ಸುಮಾರು ೧,೯೦೦ ಮೈಲಿಗಳನ್ನು ೪೧ ದಿನಗಳಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಿದರು. ರಸ್ತೆಯೆಂಬುದೇ ಅಪರೂಪವಾಗಿದ್ದ ಆ ಪ್ರದೇಶದಲ್ಲಿ ಅವರು ಸಾಧನಗಳನ್ನು ಒಯ್ದುದಲ್ಲದೆ, ಸೈಕಲ್ ಕಾರ್ಖಾನೆಯ ಕೆಲಸ ಬಲ್ಲ ಸೈನಿಕನೊಬ್ಬನನ್ನೂ ತಂಡದಲ್ಲಿ ಸೇರಿಸಿಕೊಂಡಿದ್ದರು.

ಉಪಕರಣವನ್ನೇ ಅನಾವಶ್ಯಕವಾಗಿಸುವ ಪ್ರಯತ್ನವೂ ಇದೇ ಕಾಲದಲ್ಲಿ ನಡೆಯಿತು. ಇಟಲಿಯ ತುಲ್ಲಿಯೋ ಕಂಪಾನ್ಯೋಲೋ ಎಂಬ ಸವಾರನು ಹಿಮಬಿದ್ದ ಕ್ರೋಚೆ ದೌನೆ ಕಣಿವೆದಾರಿಯಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಚಕ್ರದ ನಟ್ಟನ್ನು ಬಿಚ್ಚಲಾರದೆ ಸೋತನೆಂದು ಪ್ರತೀತಿಯಿದೆ. ಪ್ರತೀತಿ ಹೇಗೇ ಇರಲಿ, ಒಂದು ಸನ್ನೆಯನ್ನು ತಿರುಗಿಸಿದೊಡನೆ ಚಕ್ರವು ಬಿಡುಗಡೆಯಾಗುವ ಸಾಧನಕ್ಕೆ ೧೯೩೦ರಲ್ಲಿ ಅವನ ಸನ್ನದು ದಾಖಲಾಗಿದೆ. ಸವಾರನ ಸಂಚಿಯಿಂದ ಒಂದು ಪಾನಾವನ್ನು ಹೊರಹಾಕಿದ ಕೀರ್ತಿ ಈ ಸನ್ನೆಗೆ ಸಲ್ಲಬೇಕು. ಯಂತ್ರವನ್ನು ತಿದ್ದಿದರೆ ಉಪಕರಣ ಕಡಿಮೆಯಾಗುತ್ತದೆಂಬ ಪಾಠ ಇದರಿಂದ ದೊರೆಯುತ್ತದೆ.

೫. ಭಾರತದ ಸನ್ನಿವೇಶ

ನಮ್ಮ ದೇಶದಲ್ಲಿ ಈ ಚರಿತ್ರೆ ಬೇರೊಂದು ದಾರಿಯನ್ನು ಹಿಡಿಯಿತು. ಮೊದಲಿಗೆ ಸೈಕಲ್ಲುಗಳು ಇಂಗ್ಲೆಂಡಿನಿಂದ ಬರುತ್ತಿದ್ದುವು. ಸ್ವಾತಂತ್ರ್ಯಾನಂತರ ದೇಶೀಯ ಉತ್ಪಾದನೆ ಬಲಗೊಂಡಿತು: ಮದರಾಸಿನ ಟಿ.ಐ. ಸೈಕಲ್ಸ್ ೧೯೪೯ರಲ್ಲಿಯೂ, ಸೋನೇಪತದ ಅಟ್ಲಾಸ್ ೧೯೫೧ರಲ್ಲಿಯೂ, ಲುಧಿಯಾನದ ಹೀರೋ ಸೈಕಲ್ಸ್ ೧೯೫೬ರಲ್ಲಿಯೂ ಸ್ಥಾಪಿತವಾದುವು. ೧೯೪೭ರಲ್ಲಿ ಆರಂಭವಾದ ಭಾರತೀಯ ಮಾನಕ ಸಂಸ್ಥೆ ಸೈಕಲ್ಲಿನ ಬಿಡಿಭಾಗಗಳಿಗೂ ಪ್ರಮಾಣಗಳನ್ನು ಗೊತ್ತುಪಡಿಸಿತು. ಹೀಗಾಗಿ ಒಂದೇ ಬಗೆಯ ಗಟ್ಟಿಮುಟ್ಟಾದ, ಸರಳುಗಳ ಬ್ರೇಕುಳ್ಳ ಸೈಕಲ್ಲು ದೇಶದಾದ್ಯಂತ ಹರಡಿತು. ಎಲ್ಲ ಸೈಕಲ್ಲುಗಳೂ ಒಂದೇ ಬಗೆಯವಾದುದರಿಂದ, ನಾಲ್ಕು ಪಾನಾ, ಒಂದು ಸುತ್ತಿಗೆ, ಒಂದು ಬೋಗುಣಿ ನೀರು ಇವಿಷ್ಟರಿಂದಲೇ ಜೀವನ ಸಾಗಿಸಬಲ್ಲ ಕಸಬುದಾರನೊಬ್ಬನು ಊರೂರಿನ ಮೂಲೆಯಲ್ಲಿ ಕಾಣಿಸಿಕೊಂಡನು.

ಕರ್ನಾಟಕದ ಊರುಗಳಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಮತ್ತು ಪಂಕ್ಚರ್ ಅಂಗಡಿಗಳನ್ನು ಬಲ್ಲವರಿಗೆ ಅಲ್ಲಿನ ಕೆಲಸದ ಕ್ರಮ ಪರಿಚಿತವಾದುದೇ. ಕೆಲಸಗಾರನು ಚಕ್ರವನ್ನು ಬಿಚ್ಚುವುದೇ ಇಲ್ಲ. ಚಕ್ರ ಇದ್ದಲ್ಲಿಯೇ ಇರುವಂತೆ ಟೈರಿನ ಒಂದು ಅಂಚನ್ನು ಎತ್ತಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ತೇಪೆಯನ್ನು ಅಂಟಿಸುತ್ತಾನೆ. ಹಿಂದಿನ ಚಕ್ರವನ್ನು ಬಿಚ್ಚಬೇಕಾದರೆ ಅಚ್ಚಿನ ನಟ್ಟು, ಚೈನು, ಬ್ರೇಕು ಎಲ್ಲವನ್ನೂ ಸಡಿಲಿಸಬೇಕಾದ ಸೈಕಲ್ಲಿಗೆ ಇದು ಅತ್ಯಂತ ಯುಕ್ತವಾದ ವಿಧಾನ. ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನನ್ನು ಹೊರಹಾಕಲು ಸುತ್ತಿಗೆಯೇ ಬೇಕು. ಯಾವ ಕಿಸೆಯ ಉಪಕರಣವೂ ಆ ಕೆಲಸ ಮಾಡಲಾರದು. ಇಂಥ ಅಂಗಡಿ ಕೂಗಳತೆಯಲ್ಲಿಯೇ ಇರುವಾಗ ಸವಾರನು ಸಂಚಿಯನ್ನು ಹೊರುವುದೇಕೆ? ಆದುದರಿಂದ ನಮ್ಮಲ್ಲಿ ಸವಾರನ ಉಪಕರಣವು ಬೆಳೆಯಲಿಲ್ಲ. ಬೆಳೆಯಲಿಲ್ಲವೆಂಬುದು ಹಿಂದುಳಿದಿರುವಿಕೆಯ ಗುರುತಲ್ಲ, ಕಸಬುದಾರರ ದಟ್ಟವಾದ ಜಾಲವೊಂದು ಇದ್ದುದರ ಗುರುತು.

ಈ ಜಾಲದ ಹೊರಗೆ ಹೋದವರು ಮಾತ್ರ ಎಲ್ಲವನ್ನೂ ತಾವೇ ಹೊರಬೇಕಾಗಿತ್ತು. ೧೯೨೩ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು ಸುಮಾರು ೪೪,೦೦೦ ಮೈಲಿಗಳ ಭೂಪ್ರದಕ್ಷಿಣೆಯನ್ನು ಮುಗಿಸಿ ೧೯೨೮ರ ಮಾರ್ಚಿನಲ್ಲಿ ಹಿಂದಿರುಗಿದರು. ಪರ್ಷಿಯದ ಮರುಭೂಮಿಯಲ್ಲಿ ಪಂಕ್ಚರ್ ಅಂಗಡಿಯನ್ನು ನಿರೀಕ್ಷಿಸುವಂತಿರಲಿಲ್ಲ.

೬. ಮಡಿಸುವ ಉಪಕರಣದ ಉದಯ

ಇಂದಿನ ಮಡಿಸುವ ಉಪಕರಣಕ್ಕೆ ಎರಡು ಮೂಲಗಳಿವೆ. ಒಂದು ಸೈನಿಕನ ಚಾಕು. ಸ್ವಿಟ್ಜರ್ಲೆಂಡಿನ ಸೇನೆ ತನ್ನ ಹೊಸ ಬಂದೂಕನ್ನು ಬಿಚ್ಚಲೂ ಡಬ್ಬಿಯ ಆಹಾರವನ್ನು ತೆರೆಯಲೂ ಸೈನಿಕರಿಗೆ ಕಿಸೆಯ ಚಾಕುವನ್ನು ಕೊಡಲು ನಿಶ್ಚಯಿಸಿತು. ಕಾರ್ಲ್ ಎಲ್ಸೆನರ್ ೧೮೯೧ರಲ್ಲಿ ಅದನ್ನು ಪೂರೈಸತೊಡಗಿ, ೧೮೯೭ರಲ್ಲಿ ಅಧಿಕಾರಿಗಳ ಚಾಕುವಿಗೆ ಸನ್ನದು ಪಡೆದನು. ಇನ್ನೊಂದು ಮೂಲ ಆರು ಮೂಲೆಯ ಗುಳಿಯುಳ್ಳ ತಿರುಪು. ಹಾರ್ಟ್‌ಫರ್ಡಿನ ಅಲೆನ್ ಸಂಸ್ಥೆ ೧೯೧೦ರಿಂದ ಇದನ್ನು ಬಳಕೆಗೆ ತಂದಿತು. ಇದರ ಕೀಲಿ ನಟ್ಟನ್ನು ಹೊರಗಿನಿಂದ ಹಿಡಿಯದೆ, ತಿರುಪಿನ ತಲೆಯೊಳಗೆ ಇಳಿಯುತ್ತದೆ. ಆದುದರಿಂದ ಅದು ತೆಳುವಾದ ಒಂದು ಕಡ್ಡಿಯಷ್ಟೇ ಆಗಿರಬಹುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೈಕಲ್ ತಯಾರಕರು ನಟ್ಟುಗಳ ಬದಲು ಇಂಥ ತಿರುಪುಗಳನ್ನು ಹೆಚ್ಚುಹೆಚ್ಚಾಗಿ ಬಳಸಿದಂತೆ, ೪, ೫, ೬ ಮಿಲಿಮೀಟರಿನ ಮೂರು ಕೀಲಿಗಳಿಂದಲೇ ಸೈಕಲ್ಲಿನ ಬಹುಭಾಗವನ್ನು ಬಿಚ್ಚಬಹುದಾಯಿತು. ದಪ್ಪ ಪಾನಾಗಳನ್ನು ಮಡಿಸಿಡಲು ಬಾರದು. ಕಡ್ಡಿಗಳನ್ನು ಚಾಕುವಿನಂತೆ ಮಡಿಸಿಡಬಹುದು.

ಗಿಯರು ಬದಲಿಸುವ ಸೈಕಲ್ಲುಗಳು ಮತ್ತೊಂದು ಸಾಧನವನ್ನು ಬೇಡಿದುವು. ಒಂಟಿ ಗಿಯರಿನ ಸೈಕಲ್ಲಿನ ಚೈನಿಗೆ ಬಿಚ್ಚಬಹುದಾದ ಒಂದು ಕೊಂಡಿ ಇರುತ್ತದೆ. ಗಿಯರಿನ ತೆಳು ಚೈನಿಗೆ ಆ ಬಗೆಯ ಕೊಂಡಿ ಹೊಂದದೆ ರಿವೆಟ್ಟನ್ನೇ ಒತ್ತಿ ಹೊರಹಾಕಬೇಕಾಯಿತು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ತರುಣರು ಸೈಕಲ್ಲನ್ನು ಬೆಟ್ಟದ ಕಾಲುದಾರಿಗಳಿಗೆ ಒಯ್ದ ಮೇಲೆ, ಅಂಗಡಿಯಿಲ್ಲದ, ಕಮ್ಮಾರನಿಲ್ಲದ ಪ್ರದೇಶವೊಂದು ಸವಾರನೆದುರು ಮತ್ತೆ ತೆರೆಯಿತು. ಕೀಲಿಗಳು, ತಿರುಪುಳಿ, ಚೈನಿನ ರಿವೆಟ್ಟು ಒತ್ತುವ ಸಾಧನ ಇವೆಲ್ಲವನ್ನೂ ಒಂದೇ ಕಾಯದಲ್ಲಿ ಕೂಡಿಸಿದ ಉಪಕರಣಕ್ಕೆ ಬೇಡಿಕೆ ಹುಟ್ಟಿದ ಹಿನ್ನೆಲೆ ಇದು. ೧೯೬೭ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಟಾರ್ಕ್ಸ್ ಎಂಬ ಆರು ದಳದ ನಕ್ಷತ್ರಾಕಾರದ ತಿರುಪು, ತಟ್ಟೆಬ್ರೇಕುಗಳ ಮೂಲಕ ಸೈಕಲ್ಲಿಗೆ ಬಂದ ಮೇಲೆ ಈ ಗುಂಪಿಗೆ ಇನ್ನೊಂದು ಕೀಲಿ ಸೇರಿತು.

೭. ಆಯ್ಕೆಯ ತತ್ತ್ವಗಳು

ಈ ಚರಿತ್ರೆಯಿಂದ ನಾಲ್ಕು ತತ್ತ್ವಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ಆಯ್ಕೆಯು ಉಪಕರಣದಿಂದಲ್ಲ, ಸೈಕಲ್ಲಿನಿಂದ ಆರಂಭವಾಗಬೇಕು. ಸವಾರನು ತನ್ನ ಸೈಕಲ್ಲಿನ ಪ್ರತಿಯೊಂದು ತಿರುಪನ್ನೂ ಒಮ್ಮೆ ನೋಡಿ, ಯಾವ ಅಳತೆಯ ಕೀಲಿ ಬೇಕೆಂದು ಬರೆದುಕೊಳ್ಳಲಿ. ನಟ್ಟುಗಳೇ ಹೆಚ್ಚಾಗಿರುವ ಹಳೆಯ ಬಗೆಯ ಸೈಕಲ್ಲಿಗೆ ಇಪ್ಪತ್ತು ಕೀಲಿಗಳ ಮಡಿಸುವ ಉಪಕರಣ ವ್ಯರ್ಥ. ಅದಕ್ಕೆ ಎರಡು ಒಳ್ಳೆಯ ಪಾನಾಗಳೇ ಸಾಕು.

ಎರಡನೆಯದು, ಸಾಧನಗಳ ಸಂಖ್ಯೆ ಯೋಗ್ಯತೆಯ ಅಳತೆಯಲ್ಲ. ಕಡ್ಡಿಯ ಉದ್ದ, ಉಕ್ಕಿನ ಗಟ್ಟಿತನ, ಕಾಯವು ಕೈಗೆ ಕೊಡುವ ಹಿಡಿತ ಇವುಗಳೇ ಮುಖ್ಯ. ಗಿಡ್ಡ ಕಡ್ಡಿ ಆಳದ ತಿರುಪಿಗೆ ತಲಪುವುದಿಲ್ಲ. ದಪ್ಪ ಕಾಯವು ಚೌಕಟ್ಟಿಗೆ ತಗಲಿ ಪೂರ್ತಿ ಒಂದು ಸುತ್ತು ತಿರುಗಲು ಬಿಡುವುದಿಲ್ಲ. ಕೊಳ್ಳುವ ಮುನ್ನ ಸೈಕಲ್ಲಿನ ಮೇಲೆಯೇ ಇದನ್ನು ಪರೀಕ್ಷಿಸುವುದು ಲೇಸು.

ಮೂರನೆಯದು, ಮುಂದಿನ ಕಸಬುದಾರನು ಎಷ್ಟು ದೂರದಲ್ಲಿದ್ದಾನೆ ಎಂಬುದು ಸಂಚಿಯ ತೂಕವನ್ನು ನಿರ್ಣಯಿಸಬೇಕು. ಊರೊಳಗಿನ ಸವಾರಿಗೂ ಘಟ್ಟದ ಕಾಡುದಾರಿಗೂ ಒಂದೇ ಸಂಚಿ ಯುಕ್ತವಲ್ಲ.

ನಾಲ್ಕನೆಯದು, ಬಳಸಲು ಬಾರದ ಸಾಧನ ಬರಿಯ ಭಾರ. ಚೈನಿನ ರಿವೆಟ್ಟು ಒತ್ತುವುದನ್ನು ಮನೆಯಲ್ಲಿ ಒಂದು ಹಳೆಯ ಚೈನಿನ ಮೇಲೆ ಅಭ್ಯಾಸ ಮಾಡದವನು ಕತ್ತಲಲ್ಲಿ, ಮಳೆಯಲ್ಲಿ ಅದನ್ನು ಮಾಡಲಾರನು.

ಇವುಗಳಲ್ಲಿ ಮೂರನೆಯ ತತ್ತ್ವ ಇಂದು ವಿಶೇಷವಾದ ಚಿಂತನೆಗೆ ಅರ್ಹವಾಗಿದೆ. ಹೊಸ ಬಗೆಯ ಸೈಕಲ್ಲುಗಳು ನಮ್ಮ ನಗರಗಳಿಗೂ ಬಂದಿವೆ. ಅವುಗಳ ನಕ್ಷತ್ರಾಕಾರದ ತಿರುಪಿಗೆ, ಎಣ್ಣೆಯ ಒತ್ತಡದ ಬ್ರೇಕಿಗೆ ಹೊಂದುವ ಸಾಧನ ರಸ್ತೆಯ ಮೂಲೆಯ ಪಂಕ್ಚರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಸವಾರನು ಮಡಿಸುವ ಉಪಕರಣವನ್ನು ಕೊಳ್ಳುತ್ತಾನೆ; ಕೊಂಡು, ತಾನು ಸ್ವತಂತ್ರನಾದೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಒಂದು ಆಶ್ರಯವು ತಪ್ಪಿದುದರಿಂದ ಅದರ ಸ್ಥಾನಕ್ಕೆ ಆ ಉಪಕರಣ ಬಂದಿದೆ. ಬೋಗುಣಿ ನೀರಿನ ಪಕ್ಕದಲ್ಲಿ ಕುಳಿತವನ ಬಳಿ ಸಾಧನಗಳೊಡನೆ ತಲೆಮಾರುಗಳಿಂದ ಬಂದ ಕೈಯ ತಿಳಿವಳಿಕೆಯೂ ಇತ್ತು. ಸಾಧನಗಳನ್ನು ಉಕ್ಕಿನಲ್ಲಿ ಮಡಿಸಿಡಬಹುದು. ತಿಳಿವಳಿಕೆಯನ್ನು ಹಾಗೆ ಮಡಿಸಿಡಲು ಬಾರದು. ಈ ಕಸಬುದಾರರ ಸಾಧನಗಳನ್ನೂ, ಕೆಲಸದ ಕ್ರಮವನ್ನೂ, ಅವರಾಡುವ ಕಸಬಿನ ಮಾತುಗಳನ್ನೂ ಜಿಲ್ಲೆಜಿಲ್ಲೆಗಳಲ್ಲಿ ಸಂಗ್ರಹಿಸಿ ದಾಖಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಕರ್ನಾಟಕದ ಸಾಮಾಜಿಕ ಚರಿತ್ರೆಗೆ ಅದರಿಂದ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ.